ಕೊಡೆ ನುಂಗಿದ ಮರ

ಕೊಡೆರಾಯ ಬದುಕಿನಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದ್ದ. ಆ ಒಂದನ್ನೂ ಅವನ ಭಾವ ನಂಬಿರಲಿಲ್ಲ.

ಕೊಡೆರಾಯ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಿಚ್ಚಿದರೆ ಮುಚ್ಚದ, ಮುಚ್ಚಿದರೆ ಬಿಚ್ಚದ ಸಕಲ ಕೊಡೆಗಳ ರಿಪೇರಿಗೆ ಕೂತ ಮೇಲೆ ಬೀದಿಯವರು ಕೊಟ್ಟ ಬಿರುದು. ಮೂಲ ಹೆಸರನ್ನು ಮೊದಲು ಬೀದಿ ಮರೆಯಿತು, ಆಮೇಲೆ ಹೆಂಡತಿ ಮರೆತಳು. ಈಗ ಯಾರಾದರೂ ಕೇಳಿದರೆ ಅವನೇ ಒಂದು ಗಳಿಗೆ ಯೋಚಿಸಬೇಕು.

ಅವನು ಮಾಡಿದ ದೊಡ್ಡ ಕೆಲಸ ಏನೆಂದರೆ, ಒಂದು ಮರ ನೆಟ್ಟಿದ್ದು. ಮದುವೆಯಾದ ಹೊಸತರಲ್ಲಿ ಅವನ ಅಂಗಡಿ, ಅಂದರೆ ಒಂದು ಸ್ಟೂಲು ಮತ್ತು ಒಂದು ತಗಡಿನ ಪೆಟ್ಟಿಗೆ, ಊರಾಚೆಯ ಪಾರ್ಕಿನ ಗೇಟಿನ ಪಕ್ಕ ಇತ್ತು. ಆಗ ಪಾರ್ಕು ಅಂದರೆ ತಿರುಗುವ ಮರದ ಕುದುರೆಗಳು, ನಾಲ್ಕಾರು ಉಯ್ಯಾಲೆ, ನಡೆದು ಹೋಗುವವರೂ ಹಿಂದಿಕ್ಕಬಹುದಾದ ಒಂದು ಪುಟಾಣಿ ರೈಲು. ಮಿಕ್ಕಿದ್ದೆಲ್ಲ ಹುಲ್ಲು ಮತ್ತು ಮರ. ಆಗಿನ ಯಜಮಾನರು ಒಂದು ಬೆಳಿಗ್ಗೆ ಇವನ ಕೈಗೆ ಮಳೆಮರದ ಸಸಿ ಕೊಟ್ಟು, "ಕೂತು ಕೂತು ಊರವರ ನೆರಳು ರಿಪೇರಿ ಮಾಡ್ತೀಯ. ನೀನೂ ಒಂದು ನೆರಳು ಹಾಕು" ಅಂದರು. ಇವನು ರೈಲು ತಿರುಗುವ ಮೂಲೆಯಲ್ಲಿ ಗುಂಡಿ ತೋಡಿ ನೆಟ್ಟ. ಸಸಿ ವಾಲಬಾರದೆಂದು ಮುರಿದ ಕೊಡೆಯೊಂದರ ಕಬ್ಬಿಣದ ಸರಳನ್ನು ಪಕ್ಕದಲ್ಲಿ ಹೊಡೆದು, ಕೊಡೆಬಟ್ಟೆಯ ಚೂರಿನಿಂದ ಕಟ್ಟಿದ. ಸಸಿ ಬೆಳೆಯಿತು, ಗಿಡವಾಯಿತು, ಮರವಾಯಿತು. ಬೆಳೆಯುತ್ತಾ ಬೆಳೆಯುತ್ತಾ ಆ ಸರಳನ್ನು ಒಳಗೆ ಸೇರಿಸಿಕೊಂಡು ನುಂಗಿಬಿಟ್ಟಿತು.

ಕತೆ ಇಲ್ಲಿಯವರೆಗೆ ಬಂದಾಗಲೆಲ್ಲ ಭಾವ ಕೈ ಎತ್ತಿ ನಿಲ್ಲಿಸುತ್ತಿದ್ದರು.

"ನಿಲ್ಲಿಸಯ್ಯಾ. ನಾನು ಸರ್ವೆ ಆಫೀಸಿನಲ್ಲಿ ಇದ್ದವನು. ಊರೂರಿನ ಮರ ಎಣಿಸಿದವನು. ಮರ ನೀರು ಕುಡಿಯೋದು ಗೊತ್ತು, ಗೊಬ್ಬರ ತಿನ್ನೋದು ಗೊತ್ತು. ಕೊಡೆ ತಿನ್ನೋ ಮರ ನಮ್ಮ ಆಫೀಸಿನ ಯಾವ ದಾಖಲೆಯಲ್ಲೂ ಇಲ್ಲ."

"ನಾನೇ ನೆಟ್ಟಿದ್ದು ಭಾವ. ಕಣ್ಣಾರೆ ನೋಡಿದೀನಿ."

"ಹಾಗಾದ್ರೆ ಸರಳು ತೋರಿಸು."

"ನುಂಗಿದೆಯಲ್ಲ!"

"ನೋಡಿದ್ಯಾ, ನೋಡಿದ್ಯಾ!" ಎಂದು ಭಾವ ತಂಗಿಯ ಕಡೆ ತಿರುಗುತ್ತಿದ್ದರು. "ಯಾವುದೋ ಮರ ತೋರಿಸಿ ನಾನೇ ನೆಟ್ಟೆ ಅಂತಾನೆ. ನಾಳೆ ಸಮುದ್ರ ತೋರಿಸಿ ನಾನೇ ಚೆಲ್ಲಿದ್ದು ಅಂದರೆ ಹೂಂ ಅನ್ನಬೇಕೇನಮ್ಮ?"

ಬೀದಿಯಲ್ಲೂ ಈ ಮಾತು ಸವೆದು ನಾಣ್ಯವಾಗಿತ್ತು. ಎದುರುಮನೆ ಟೈಲರ್‌ಗೆ ಕತ್ತರಿ ಸಿಗದಿದ್ದರೆ, "ಕೊಡೆರಾಯರ ಮರ ಇತ್ತ ಕಡೆ ಬಂದಿತ್ತೇನೋ" ಅನ್ನುತ್ತಿದ್ದ.

ಈ ಸಲ ಭಾವ ಬರುವಾಗ ಹೆಂಡತಿಯ ಜೊತೆಗೆ ಒಂದು ಅಯಸ್ಕಾಂತವನ್ನೂ ತಂದರು. ಕೆಟ್ಟುಹೋದ ಭಾರಿ ಸ್ಪೀಕರಿನಿಂದ ಕಿತ್ತ, ತಟ್ಟೆಯಷ್ಟು ಅಗಲದ ಅಯಸ್ಕಾಂತ. ಅದರ ಹಿಡಿತ ಎಂಥದ್ದೆಂದರೆ, ಬಸ್ಸಿನಲ್ಲಿ ಪಕ್ಕದ ಪ್ರಯಾಣಿಕನ ಸ್ಟೀಲ್ ಡಬ್ಬಿ ಅದಕ್ಕೆ ಅಂಟಿಕೊಂಡು, ಭಾವ ಎರಡನ್ನೂ ಹೊತ್ತು ಇಳಿದುಬಿಟ್ಟಿದ್ದರು. ಆ ಪುಣ್ಯಾತ್ಮ ಬಸ್ಸು ನಿಲ್ಲಿಸಿ ಓಡಿ ಬಂದು ತನ್ನ ಊಟ ಬಿಡಿಸಿಕೊಂಡು ಹೋಗಿದ್ದ.

"ಜಗಳ ಇವತ್ತಿಗೆ ಮುಗೀಬೇಕು," ಎಂದರು ಭಾವ. "ಮರದೊಳಗೆ ಕಬ್ಬಿಣ ಇದ್ದರೆ ಇದು ಹಿಡಿಯುತ್ತೆ. ಹಿಡಿದರೆ ನಾನು ಬಾಯಿ ಮುಚ್ತೀನಿ. ಹಿಡೀಲಿಲ್ಲ ಅಂದರೆ ನೀನು ನಾನು ಹೇಳಿದಂಗೆ ಕೇಳಬೇಕು."

"ಏನು ಕೇಳಬೇಕು?"

"ಅಂಗಡಿ ಮುಚ್ಚಬೇಕು. ಈಗಿನ ಕಾಲದಲ್ಲಿ ಕೊಡೆ ರಿಪೇರಿ ಯಾರು ಮಾಡಿಸ್ತಾರೆ? ನನ್ನ ಷಡ್ಡಕನದು ಪ್ಲಾಸ್ಟಿಕ್ ಬಕೆಟ್ ಅಂಗಡಿ ಇದೆ. ಫ್ಯಾನಿನ ಕೆಳಗೆ ಕುರ್ಚಿ. ಗಲ್ಲಾಪೆಟ್ಟಿಗೆ ಮುಂದೆ ಕೂತು ಬಿಲ್ಲು ಹರಿದು ಕೊಟ್ಟರೆ ಆಯ್ತು. ನನ್ನ ತಂಗಿ ಇನ್ನೆಷ್ಟು ದಿನ ಕೊಡೆ ಕಡ್ಡಿ ತುಳಿದುಕೊಂಡು ಓಡಾಡಬೇಕು?"

ಕೊಡೆರಾಯ ತನ್ನ ತಗಡಿನ ಪೆಟ್ಟಿಗೆಯ ಕಡೆ ನೋಡಿದ. ಜೀವಮಾನವಿಡೀ ಬಕೆಟ್ಟುಗಳ ನಡುವೆ! ಬಕೆಟ್ಟು ಒಡೆದರೆ ರಿಪೇರಿಯೂ ಇಲ್ಲ, ಬಿಸಾಕುವುದೇ. ಆದರೆ ಎದುರುಮನೆ ಟೈಲರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಮರದ ವಿಷಯದಲ್ಲಿ ಕೊಡೆರಾಯನಿಗೆ ಸಂಶಯವೇ ಇರಲಿಲ್ಲ. "ಆಗಲಿ ಭಾವ" ಎಂದ.

"ನಾನು ಸಾಕ್ಷಿ," ಎಂದು ಟೈಲರ್ ಚಪ್ಪಲಿ ಮೆಟ್ಟಿಕೊಂಡ. ಅವನನ್ನು ಯಾರೂ ಕರೆದಿರಲಿಲ್ಲ. ಸಾಕ್ಷಿಗಳನ್ನು ಯಾರೂ ಕರೆಯುವುದೂ ಇಲ್ಲ.

ಒಂದು ವಿಷಯ ಹೇಳಬೇಕು. ಕೊಡೆರಾಯ ಪಾರ್ಕಿನ ಒಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಹಳೆಯ ಯಜಮಾನರು ತೀರಿಕೊಂಡು ಪಾರ್ಕು ಬೇರೆಯವರ ಕೈಗೆ ಹೋದಾಗ, ಗೇಟಿನ ಪಕ್ಕದ ಸ್ಟೂಲನ್ನೂ ಎಬ್ಬಿಸಿದ್ದರು. ಆಮೇಲೆ ಸುತ್ತ ಎತ್ತರದ ತಗಡು ಹೊಡೆದು ಒಳಗೆ ಏನೇನೋ ಕಟ್ಟುತ್ತಿದ್ದರು. ತಗಡಿನ ಆಚೆ ತನ್ನ ಮರ ತನ್ನಷ್ಟಕ್ಕೆ ಬೆಳೆಯುತ್ತಿದೆ ಅಂತ ಇವನು ನೆಮ್ಮದಿಯಾಗಿದ್ದ. ಮರ ಎಲ್ಲಿಗೆ ಹೋಗುತ್ತೆ, ಅದಕ್ಕೇನು ಕಾಲಿದೆಯೇ?

ಮೊದಲ ಪೆಟ್ಟು ಗೇಟಿನಲ್ಲೇ ಬಿತ್ತು. ಕಾವಲಿನವನು ಕೊಡೆರಾಯನ ಕಂಕುಳಿನ ಕೊಡೆಗೆ ಕೈ ಹಾಕಿದ.

"ಇದು ಒಳಗೆ ಬಿಡಲ್ಲ ಸಾರ್."

"ಯಾಕಪ್ಪಾ, ಬಾಂಬೇನೋ ಇದು?"

"ಹೊರಗಿನ ತಿಂಡಿ, ಹೊರಗಿನ ನೀರು, ಹೊರಗಿನ ನೆರಳು, ಮೂರೂ ಒಳಗೆ ತರಬಾರದು. ರೂಲ್ಸು. ಒಳಗೆ ನೆರಳಿನ ಕೌಂಟರಿದೆ. ಬಾಡಿಗೆಗೆ ಸಿಗುತ್ತೆ."

ಕೊಡೆರಾಯನ ಬಾಯಿ ತೆರೆದುಕೊಂಡಿತು. ಸ್ಪ್ರಿಂಗು ಕೆಟ್ಟ ಕೊಡೆಯ ಹಾಗೆ ಅದು ಆಮೇಲೆ ಮುಚ್ಚಲೇ ಇಲ್ಲ. ನೆರಳು ಬಾಡಿಗೆಗೆ! ಹೆಂಡತಿ ಅವನ ಕೈಯಿಂದ ಕೊಡೆ ಬಿಡಿಸಿ ಕಾವಲಿನವನಿಗೆ ಕೊಟ್ಟಳು. ಕೊಡುವಾಗ ಚೀಲದ ತಳದಲ್ಲಿ ಸೀರೆಯ ಸುತ್ತಿನೊಳಗೆ ಅಡಗಿಸಿದ್ದ ದೊಡ್ಡ ನೀರಿನ ಬಾಟಲಿಯನ್ನು ಮಾತ್ರ ಒಂದಿಷ್ಟೂ ಅಲುಗಾಡಿಸಲಿಲ್ಲ. ಆ ಕಾಲದಲ್ಲಿ ಪಾರ್ಕಿಗೆ ಬಂದಾಗಲೆಲ್ಲ ಮರದ ಬುಡಕ್ಕೆ ನೀರು ಹುಯ್ಯದೆ ಇವರು ವಾಪಸಾದದ್ದೇ ಇಲ್ಲ. ರೂಲ್ಸು ಮಾಡಿದವನಿಗೆ ಅದು ಗೊತ್ತಿರಲಿಕ್ಕಿಲ್ಲ.

ಒಳಗೆ ಹೋಗಿ ಐವರೂ ಕಣ್ಣು ಕಿರಿದು ಮಾಡಿ ನಿಂತರು.

ಹುಲ್ಲು ಇರಲಿಲ್ಲ. ಹುಲ್ಲು ಇದ್ದ ಜಾಗದಲ್ಲಿ ಸಿಮೆಂಟ್ ಇತ್ತು. ಸಿಮೆಂಟಿಗೆ ಹಸಿರು ಬಣ್ಣ ಬಳಿದಿದ್ದರು. ಆ ಹಸಿರಿನ ಮೇಲೆ ಬಿಸಿಲು ಬಿದ್ದು ಚಪ್ಪಲಿಯ ತಳ ಮೆತ್ತಗಾಗುತ್ತಿತ್ತು. ಎಲ್ಲಿ ನೋಡಿದರೂ ಕಬ್ಬಿಣ. ಮೇಲೆ ಹೋಗುವ ಕಬ್ಬಿಣ, ಕೆಳಗೆ ಬೀಳುವ ಕಬ್ಬಿಣ, ಮನುಷ್ಯರನ್ನು ತಲೆಕೆಳಗು ಮಾಡಿ ಒದರುವ ಕಬ್ಬಿಣ. ಒಂದೊಂದರ ಹಣೆಯ ಮೇಲೂ ಹೆಸರು: 'ಸುಂಟರಗಾಳಿ', 'ಬೆನ್ನುಮೂಳೆ', 'ಜೀವ ಬಾಯಿಗೆ'. ಕಾಸು ಕೊಟ್ಟು ಜೀವ ಬಾಯಿಗೆ ತಂದುಕೊಳ್ಳಲು ಜನ ನೂಕಾಡುತ್ತಿದ್ದರು. ಮನೆಯಲ್ಲಿ ಅದು ಪುಕ್ಕಟೆಯಾಗಿ ದಿನಾ ಬರುತ್ತದೆಂದು ಅವರಿಗೆ ಯಾರು ಹೇಳಬೇಕು?

ಒಂದು ದೀಪದ ಕಂಬದ ಪಕ್ಕ ಹತ್ತಾರು ಜನ ಒಬ್ಬರ ಹಿಂದೊಬ್ಬರು ಕಡ್ಡಿಯಂತೆ ನಿಂತಿದ್ದರು. ಟೈಲರ್ ಓಡಿಹೋಗಿ ಕೊನೆಯಲ್ಲಿ ಸೇರಿಕೊಂಡ.

"ಇದು ಯಾವ ಆಟದ ಕ್ಯೂ ಸ್ವಾಮಿ?"

"ಆಟ ಅಲ್ಲ," ಎಂದ ಮುಂದಿನವನು. "ಕಂಬದ ನೆರಳು. ಸ್ವಲ್ಪ ಎಡಕ್ಕೆ ಬನ್ನಿ, ಸೂರ್ಯ ತಿರುಗಿದಾನೆ."

ಸಾಲಿಗೆ ಸಾಲೇ ಒಂದು ಹೆಜ್ಜೆ ಎಡಕ್ಕೆ ಸರಿಯಿತು.

"ನಿನ್ನ ಮರ ಎಲ್ಲಯ್ಯಾ?" ಎಂದರು ಭಾವ.

"ರೈಲು ತಿರುಗೋ ಮೂಲೆ ಭಾವ."

"ರೈಲು ಎಲ್ಲಿ?"

ರೈಲೂ ಇರಲಿಲ್ಲ. ಕೊಡೆರಾಯ ಎಡಕ್ಕೆ ಹೋದ, ಅಲ್ಲಿ 'ಬೆನ್ನುಮೂಳೆ' ಬಂತು. ಬಲಕ್ಕೆ ಬಂದ, ಅಲ್ಲಿ ಪಾಪ್‌ಕಾರ್ನ್ ಗೂಡಂಗಡಿ ಬಂತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳನ್ನು ತಡೆದು, "ತಾಯಿ, ಇಲ್ಲಿ ಒಂದು ಮರ ಇತ್ತಲ್ಲ, ಎಲ್ಲಿದೆ?" ಎಂದ.

ಅವಳು ಕೈಯಲ್ಲಿದ್ದ ನಕ್ಷೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಮರ ಅನ್ನೋ ರೈಡ್ ಇಲ್ಲ ಅಂಕಲ್. ಕಾಡು ಅಂತ ಇದೆ. ಎಸಿ ಹಾಲಿನಲ್ಲಿ. ಕನ್ನಡಕ ಹಾಕ್ಕೊಂಡು ನೋಡಬೇಕು."

"ರೈಡ್ ಅಲ್ಲಮ್ಮ, ಮರ! ಮರ! ಬೇರು, ಬೊಡ್ಡೆ, ಎಲೆ!"

"ಎಲೆನಾ? ಆ ಕಡೆ ಒಂದಿದೆ, ನೋಡಿ," ಎಂದು ಅವಳು 'ಜೀವ ಬಾಯಿಗೆ'ಯ ಹಿಂಭಾಗಕ್ಕೆ ಕೈ ತೋರಿಸಿ ಹೋದಳು.

ಒಂದಿದೆ! ಕೊಡೆರಾಯನ ಕಾಲಿಗೆ ಹೋದ ಜೀವ ಬಂತು.

ಅಷ್ಟರಲ್ಲಿ ಇನ್ನೊಂದು ಆಘಾತ. ಭಾವನ ಹೆಂಡತಿ, ಮನೆಯಲ್ಲೆಲ್ಲ ಅತ್ತಿಗೆ ಅನ್ನಿಸಿಕೊಳ್ಳುವ ಆ ಹಿರಿಯ ಹೆಂಗಸು, ಮೆತ್ತಗಿನ ಸ್ವಭಾವದವರು, ಜೋರಾಗಿ ಬಾಗಿಲು ಹಾಕಿದರೂ ಎದೆ ಹಿಡಿದುಕೊಳ್ಳುವವರು, 'ಜೀವ ಬಾಯಿಗೆ'ಯ ಎದುರು ನಿಂತುಬಿಟ್ಟಿದ್ದರು. ಅದು ಒಂದು ದೊಡ್ಡ ಕಂಬ. ಸುತ್ತ ಕುರ್ಚಿಗಳು. ಕುರ್ಚಿಗಳನ್ನು ಕಂಬದ ತುದಿಗೆ ಎಳೆದು, ಬಹಳ ಹೊತ್ತು ಅಲ್ಲೇ ಕಾಯಿಸಿ, ದೊಪ್ಪನೆ ಬಿಡುವುದೇ ಆಟ.

"ನಾನು ಇದರಲ್ಲಿ ಕೂರ್ತೀನಿ."

"ಏನೇ? ಅಟ್ಟದ ಡಬ್ಬ ತೆಗಿ ಅಂದರೆ ಸ್ಟೂಲ್ ಹತ್ತಿದರೆ ತಲೆ ಸುತ್ತುತ್ತೆ ಅಂತೀಯ!" ಎಂದರು ಭಾವ.

"ಸ್ಟೂಲ್ ಹತ್ತೋದು ನಿಮ್ಮ ಕೆಲಸಕ್ಕೆ. ಇದು ನನ್ನ ಆಟಕ್ಕೆ," ಎಂದು ಅತ್ತಿಗೆ ಸೆರಗು ಸೊಂಟಕ್ಕೆ ಬಿಗಿದು ಕುರ್ಚಿಯಲ್ಲಿ ಕೂತೇಬಿಟ್ಟರು. ಆಪರೇಟರ್ ಪಟ್ಟಿ ಬಿಗಿದ. ಭಾವ ತಡೆಯಲು ಹೋಗುವಷ್ಟರಲ್ಲಿ ಅತ್ತಿಗೆಯ ಚಪ್ಪಲಿಯ ತಳ ಮಾತ್ರ ಕಾಣುತ್ತಿತ್ತು.

ಇತ್ತ ಕೊಡೆರಾಯ ಕೂಗಿದ: "ಭಾವಾ! ಸಿಕ್ಕಿತು!"

ಕಂಬದ ಹಿಂದೆ ನಿಜವಾಗಿಯೂ ಒಂದು ಮರ. ಇಬ್ಬರು ತಬ್ಬಿದರೂ ಸಾಲದ ಬೊಡ್ಡೆ. ತುಂಬ ಹಸಿರು ಎಲೆ. ಎಲೆ ಅಲುಗಾಡುತ್ತಿತ್ತು, ಒಳಗೆ ಹಕ್ಕಿ ಕೂಗುತ್ತಿತ್ತು. ನಿಜ ಹೇಳಬೇಕೆಂದರೆ ಕೊಡೆರಾಯನಿಗೆ ಒಂದು ಸಣ್ಣ ಅನುಮಾನ ಬಂದಿತ್ತು. ತನ್ನ ಮಳೆಮರದ್ದು ಪುಟಪುಟಾಣಿ ಎಲೆ. ಇದರದ್ದು ಅಂಗೈ ಅಗಲ. ಆದರೆ ವಯಸ್ಸಾದಂತೆ ಭಾವನೂ ಅಗಲವಾಗಿಲ್ಲವೇ? ಮರಕ್ಕೂ ಹಾಗೇ ಇರಬೇಕು.

ಭಾವ ಚೀಲದಿಂದ ಅಯಸ್ಕಾಂತ ತೆಗೆದರು. ಕನ್ನಡಕ ಸರಿಮಾಡಿಕೊಂಡರು. ಸರ್ವೆ ಆಫೀಸಿನಲ್ಲಿ ಗಡಿಕಲ್ಲಿನ ಮುಂದೆ ನಿಲ್ಲುತ್ತಿದ್ದ ಗಾಂಭೀರ್ಯದಲ್ಲಿ ಬೊಡ್ಡೆಯ ಹತ್ತಿರ ಹಿಡಿದರು.

ಟಣ್!

ಅಯಸ್ಕಾಂತ ಭಾವನ ಕೈ ಬಿಟ್ಟು ಹಾರಿ ಮರಕ್ಕೆ ಕಚ್ಚಿಕೊಂಡಿತು.

ಭಾವ ಅದನ್ನು ಎರಡೂ ಕೈಯಿಂದ ಕಿತ್ತು ಇನ್ನೊಂದು ಕಡೆ ಹಿಡಿದರು. ಟಣ್! ಕೆಳಗೆ ಹಿಡಿದರು. ಟಣ್! ಕೊಂಬೆಗೆ ಹಿಡಿದರು. ಅಲ್ಲೂ ಟಣ್!

"ಇದೇನಯ್ಯಾ ಇದು," ಎಂದರು ಭಾವ, ಸ್ವರ ಇಳಿಸಿ. "ಒಂದು ಸರಳಲ್ಲ, ನಿನ್ನ ಅಂಗಡಿಗೆ ಅಂಗಡಿಯನ್ನೇ ನುಂಗಿದೆಯಲ್ಲ!"

"ನಾನು ಹೇಳಲಿಲ್ವಾ ಭಾವ!"

ಭಾವ ಅಯಸ್ಕಾಂತವನ್ನು ಎದೆಗೆ ಒತ್ತಿ ನಿಂತರು. "ತಪ್ಪಾಯ್ತಪ್ಪ. ಇಷ್ಟು ವರ್ಷ ನಿನ್ನನ್ನ ಸುಳ್ಳುಬುರುಕ ಅಂತ ನಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದೆ. ಒಬ್ಬೊಬ್ಬರಿಗೂ ವಾಪಸ್ ಹೇಳಬೇಕಾದರೆ ನನಗೆ ಬಸ್ಸಿನ ಪಾಸೇ ಬೇಕು."

ಕೊಡೆರಾಯನ ಕಣ್ಣಲ್ಲಿ ನೀರು. ಎಲೆ ಅಗಲ ಅನ್ನುವ ಅನುಮಾನ ಅಲ್ಲೇ ಸತ್ತಿತು. ಗೆದ್ದವನು ಯಾಕೆ ತಕರಾರು ತೆಗೆಯುತ್ತಾನೆ?

ಆದರೆ ಟೈಲರ್ ಒಂದು ಎಲೆಯನ್ನು ಬೆರಳಲ್ಲಿ ಹೊಸಕುತ್ತಿದ್ದ. "ಕೊಡೆರಾಯರೇ, ಒಂದು ಮಾತು."

"ಆಮೇಲೆ."

"ಈ ಎಲೆ ಪಾಲಿಯೆಸ್ಟರ್."

"ಆಮೇಲೆ ಅಂದೆನಲ್ಲ!"

"ಅಲ್ಲ, ಅಂಚು ಮಡಚಿ ಹೊಲಿದಿದಾರೆ. ಹೊಲಿಗೆ ಚೆನ್ನಾಗಿದೆ, ಅದಕ್ಕೆ ಹೇಳ್ದೆ."

"ರೀ," ಎಂದಳು ಹೆಂಡತಿ, ತಲೆ ಓರೆ ಮಾಡಿ. "ಆ ಹಕ್ಕಿ ಅವಾಗಿಂದ ಅದನ್ನೇ ಕೂಗ್ತಿದೆ. ಮಧ್ಯೆ ಕೆಮ್ಮುತ್ತೆ ಕೂಡ."

"ಹಕ್ಕಿಗೆ ವಯಸ್ಸಾಗಿದೆ. ಬಾಟಲಿ ಕೊಡೆ!"

ಕೊಡೆರಾಯ ಬಾಟಲಿ ಕಸಿದುಕೊಂಡ, ಮಂಡಿಯೂರಿದ, ಹೆತ್ತ ಮಗುವಿಗೆ ಎರೆಯುವ ಹಾಗೆ ಬುಡಕ್ಕೆ ನೀರು ಹುಯ್ದ. ಬುಡದಲ್ಲಿ ಒಂದು ಸಂದು ಇತ್ತು. ನೀರು ಆಸೆಯಿಂದ ಸಂದಿನೊಳಕ್ಕೆ ಹೋಯಿತು. "ನೋಡಿ ಭಾವ, ಎಷ್ಟು ಬಾಯಾರಿಕೆ ಅದಕ್ಕೆ!" ಎಂದು ಇನ್ನಷ್ಟು ಹುಯ್ದ.

ಫಟ್!

ಮರದೊಳಗೆ ನೀಲಿ ಬೆಳಕು ಮಿಂಚಿತು. ಹಕ್ಕಿ ಅರ್ಧ ಕೂಗಿ ನಿಲ್ಲಿಸಿತು. ಎಲೆ ನಿಂತವು. ಪಾರ್ಕಿನ ಮೈಕಿನ ಹಾಡು ನಿಂತಿತು. 'ಸುಂಟರಗಾಳಿ' ನರಳಿ ನಿಂತಿತು. ಇಡೀ ಪಾರ್ಕಿನಲ್ಲಿ ಸೂಜಿ ಬಿದ್ದರೆ ಕೇಳುವಂಥ ಮೌನ. ಆ ಮೌನದೊಳಗೆ ಆಕಾಶದಿಂದ ಒಂದು ಸ್ವರ ಇಳಿಯಿತು.

"ರೀ! ಇದು ಯಾಕ್ರೀ ನಿಂತುಹೋಯ್ತು? ಇನ್ನೂ ಬಿಟ್ಟೇ ಇಲ್ಲ!"

ಎಲ್ಲರೂ ಕತ್ತೆತ್ತಿದರು. ಕಂಬದ ತುದಿಯಲ್ಲಿ, ಮೋಡಕ್ಕೆ ಒರಗಿದಂತೆ, ಅತ್ತಿಗೆ.

"ಅಯ್ಯೋ!" ಎಂದರು ಭಾವ. "ಅಲುಗಾಡಬೇಡ್ವೇ! ಕೆಳಗೆ ನೋಡಬೇಡ!"

ಕೆಳಗೆ ನೋಡಬೇಡ ಎಂದರೆ ನೋಡದೆ ಇರುವ ಹೆಂಗಸು ಹುಟ್ಟಿಲ್ಲ. ಅತ್ತಿಗೆ ಬಗ್ಗಿ ನೋಡಿದರು.

"ನೀವೆಲ್ಲ ಯಾಕೆ ಆ ಡ್ರಮ್ಮಿನ ಹತ್ತಿರ ನಿಂತಿದೀರ?"

"ಡ್ರಮ್ಮಲ್ಲ! ಮರ! ಭಾವಮೈದುನನ ಮರ! ಸಾಬೀತಾಯ್ತು ಕಣೇ!"

"ಮರ ಅಲ್ಲ ರೀ! ಮೇಲ್ಗಡೆ ತೂತಿದೆ! ಒಳಗೆ ಒಂದು ಟೇಬಲ್ ಫ್ಯಾನು, ಒಂದು ಸ್ಪೀಕರು ಕಾಣ್ತಿದೆ!"

ಭಾವ ನಿಧಾನವಾಗಿ ಕೊಡೆರಾಯನ ಕಡೆ ತಿರುಗಿದರು. ಟೈಲರ್, ಅಂಚು ಹೊಲಿದ ಎಲೆಯನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡ.

ಮ್ಯಾನೇಜರು ಓಡಿಬಂದರು. ಟೈ ಹೆಗಲಿನ ಮೇಲೆ ಹಾರುತ್ತಿತ್ತು, ಕೈಯಲ್ಲಿದ್ದ ವಾಕಿಟಾಕಿಯೂ ಅವರೂ ಒಟ್ಟಿಗೆ ಕಿರುಚುತ್ತಿದ್ದರು. "ಯಾರು? ಯಾರು ನೀರು ಹಾಕಿದ್ದು? ಪಾರ್ಕಿನ ಮೇನ್ ಬಾಕ್ಸೇ ಅದರೊಳಗಿದೆ!"

"ನಾನು," ಎಂದ ಕೊಡೆರಾಯ.

"ತಲೆ ಸರಿ ಇದೆಯೇನ್ರೀ? ಮರಕ್ಕೆ ಯಾರಾದರೂ ನೀರು ಹಾಕ್ತಾರಾ?"

ಈ ಪ್ರಶ್ನೆ ಕೇಳಿ ಕೊಡೆರಾಯ ತಬ್ಬಿಬ್ಬಾದ. ಹುಟ್ಟಿದಾಗಿನಿಂದ ತಾನು ತಿಳಿದುಕೊಂಡದ್ದೆಲ್ಲ ಒಮ್ಮೆ ತಲೆಯಲ್ಲಿ ಓಡಿಸಿ ನೋಡಿದ. ಹಾಕುತ್ತಾರೆ ಎಂದೇ ಅವನಿಗೆ ನೆನಪು.

"ಮತ್ತೇನು ಹಾಕ್ತಾರೆ ಸಾರ್?"

"ವರ್ಷಕ್ಕೊಂದು ಸಲ ಬಣ್ಣ ಹಾಕ್ತೀವಿ!"

ಮೊದಲು ಅತ್ತಿಗೆಯನ್ನು ಇಳಿಸುವ ಕೆಲಸ ಆಗಬೇಕಿತ್ತು. ಕರೆಂಟಿಲ್ಲದಾಗ ಇಳಿಸಲೆಂದೇ ಕಂಬದ ಬುಡದಲ್ಲಿ ಒಂದು ಕೈಚಕ್ರ ಇತ್ತು. ಆಪರೇಟರ್ ತಿರುಗಿಸಿದ, ಭಾವ ತಿರುಗಿಸಿದರು, ಟೈಲರ್ ತಿರುಗಿಸಿ ಸೊಂಟ ಹಿಡಿದುಕೊಂಡ. ಅಂಗುಲ ಅಂಗುಲವಾಗಿ ಅತ್ತಿಗೆ ಇಳಿದರು. ದೊಪ್ಪನೆ ಬೀಳಿಸುವ ಆಟದಲ್ಲಿ ಇಷ್ಟು ಮರ್ಯಾದೆಯಿಂದ ಇಳಿದವರು ಅವರೊಬ್ಬರೇ. ಇಳಿದ ಮೇಲೆ ಗಂಡನ ಬೆವರು ನೋಡಿ, "ಚೆನ್ನಾಗಿತ್ತು. ಆದರೆ ಮೇಲಿಂದ ನೋಡಿದರೆ ಒಂದೂ ಹಸಿರು ಗಿಡ ಇಲ್ಲ ರೀ. ಬರೀ ತಗಡು," ಎಂದರು.

ಆಮೇಲೆ ಎಲ್ಲರನ್ನೂ ಆಫೀಸಿಗೆ ಕರೆದೊಯ್ದರು. ಕರೆದೊಯ್ದರು ಅನ್ನುವುದು ಸಭ್ಯ ಮಾತು. ಮುಂದೆ ಒಬ್ಬ ಕಾವಲಿನವನು, ಹಿಂದೆ ಇಬ್ಬರು. ದಾರಿಯುದ್ದಕ್ಕೂ ಕಂಬದ ನೆರಳಿನ ಸಾಲಿನವರು, "ಇವರೇ ಅಂತೆ, ಇವರೇ ಅಂತೆ" ಎಂದು ಬೆರಳು ತೋರಿಸಿದರು. ತೋರಿಸುತ್ತಲೇ ಒಂದು ಹೆಜ್ಜೆ ಎಡಕ್ಕೆ ಸರಿದರು.

ಭಾವ ನಡೆಯುತ್ತಾ ಕೊಡೆರಾಯನ ಕಿವಿಯಲ್ಲಿ ಹಲ್ಲು ಕಡಿದರು. "ಸೋಮವಾರವೇ ಬಕೆಟ್ ಅಂಗಡಿಗೆ ಹೋಗ್ತೀಯ. ತಿಳೀತಾ? ಕೊಡೆ ತಿನ್ನೋ ಮರವಂತೆ! ನನ್ನ ಹೆಂಡತಿ ಇವತ್ತು ಗಾಳಿಯಲ್ಲಿ ನೇತಾಡಿದಳು."

ಬಕೆಟ್ಟು ಕೊಡೆರಾಯನಿಗೆ ಕೇಳಿಸಲೇ ಇಲ್ಲ. ಮರ ಇಲ್ಲ. ಅಷ್ಟೇ ಅವನಿಗೆ ಕೇಳಿಸುತ್ತಿತ್ತು. ಬಾಯಿ ಇನ್ನೂ ತೆರೆದೇ ಇತ್ತು. ಹೆಂಡತಿ ಅವನ ಮೊಣಕೈ ಹಿಡಿದುಕೊಂಡು ನಡೆದಳು. ಉಳಿದ ಅರ್ಧ ಬಾಟಲಿ ನೀರು ಅವನ ಕೈಯಲ್ಲೇ ಇತ್ತು.

ಮ್ಯಾನೇಜರ ಕೋಣೆಯಲ್ಲಿ ತಂಪಿತ್ತು. ಪಾರ್ಕಿನ ಕರೆಂಟು ಹೋಗಿದ್ದರೂ ಈ ಕೋಣೆಗೆ ಬೇರೆ ಲೈನು. ನಡುವೆ ಭಾರಿ ಮೇಜು. ಎಂಟು ಜನ ಕೂತು ಉಣ್ಣಬಹುದಾದಷ್ಟು ಅಗಲ, ಒಂದೇ ಹಲಗೆ, ಮುಖ ಕಾಣುವಂಥ ಪಾಲಿಶ್. ಅದರ ಹಿಂದೆ ಮ್ಯಾನೇಜರು ಕೂತರು. ಉಳಿದವರಿಗೆ ಕೂರಲು ಹೇಳಲಿಲ್ಲ.

"ಇದು ಆಕಸ್ಮಿಕ ಅಂತ ನಾನು ನಂಬಲ್ಲ," ಎಂದು ಮೇಜು ಗುದ್ದಿದರು. "ನಿಮ್ಮನ್ನ ಯಾರು ಕಳಿಸಿದ್ದು? ಆ ಹೊಸ ವಾಟರ್ ಪಾರ್ಕಿನವರಾ?"

"ಯಾರೂ ಕಳಿಸಿಲ್ಲ ಸಾರ್," ಎಂದರು ಭಾವ. "ಇವನು ನನ್ನ ತಂಗಿಯ ಗಂಡ. ಸ್ವಲ್ಪ ಮಂಕು, ಆದರೆ ಸಂಚು ಮಾಡೋವಷ್ಟು ಬುದ್ಧಿ ಇಲ್ಲ. ಒಂದು ಮರ ನೆಟ್ಟಿದ್ನಂತೆ, ಅದನ್ನ ನೋಡಕ್ಕೆ ಬಂದ್ವಿ."

"ಮರ ನೋಡಕ್ಕೆ ಯಾರ್ರೀ ಟಿಕೆಟ್ ತಗೊಂಡು ಬರ್ತಾರೆ? ಆ ಚೀಲದಲ್ಲೇನು? ತೆಗೀರಿ."

ಭಾವ ತೆಗೆದರು. ಅಯಸ್ಕಾಂತ ಕಂಡ ಕೂಡಲೇ ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು.

"ಓಹೋ! ಅಯಸ್ಕಾಂತ! ಮೆಷಿನ್ ಕೆಡಿಸೋಕೆ ಸಾಮಾನು ಸಮೇತ ಬಂದಿದೀರ! ಇಡಿ ಅದನ್ನ ಇಲ್ಲಿ! ಮೇಜಿನ ಮೇಲೆ ಇಡಿ!"

ಭಾವ ಹೆದರಿ ಮೇಜಿನ ಮೇಲೆ ಇಟ್ಟರು.

ಅಯಸ್ಕಾಂತ ಇಟ್ಟ ಜಾಗದಲ್ಲಿ ನಿಲ್ಲಲಿಲ್ಲ. ಯಾರೋ ಕರೆದಂತೆ ಪಾಲಿಶಿನ ಮೇಲೆ ಸರಕ್ಕನೆ ಒಂದು ಗೇಣು ಜಾರಿತು. ಟಣ್ ಎಂದು ನಿಂತಿತು.

ಕಾವಲಿನವನು ಅದನ್ನು ಎತ್ತಲು ಹೋದ. ಬರಲಿಲ್ಲ. ಅವನೂ ಇನ್ನೊಬ್ಬನೂ ಸೇರಿ ಎಳೆದರು. ಮೇಜೇ ಸ್ವಲ್ಪ ಮೇಲೆದ್ದಿತು.

"ಮೆಲ್ಲಗೆ, ಮೆಲ್ಲಗೆ!" ಎಂದರು ಮ್ಯಾನೇಜರು. ಕೋಪದ ನಡುವೆಯೂ ಅವರ ಸ್ವರದಲ್ಲಿ ಹೆಮ್ಮೆ ಇಣುಕಿತು. ಆ ಮೇಜಿನ ಕತೆಯನ್ನು ಬಂದವರಿಗೆಲ್ಲ ಹೇಳುವುದು ಅವರ ಚಟ. "ಸಾಮಾನ್ಯ ಮೇಜಲ್ಲ ಇದು. 'ಜೀವ ಬಾಯಿಗೆ' ಕಟ್ಟುವಾಗ ಆ ಮೂಲೆಯಲ್ಲಿ ಒಂದು ದೊಡ್ಡ ಮಳೆಮರ ಇತ್ತು. ತೆಗೀಲೇಬೇಕಾಯ್ತು. ನಮಗೂ ಪ್ರಕೃತಿ ಅಂದರೆ ಪ್ರೀತಿ ಕಣ್ರೀ, ಅದಕ್ಕೇ ನೆನಪಿಗೆ ಅಂತ ಮೇಜು ಮಾಡಿಸಿದ್ವಿ. ಕೊಯ್ಯುವಾಗ ಗರಗಸ ಮುರಿದೇ ಹೋಯ್ತು. ಒಳಗೆ ಕಬ್ಬಿಣ! ಬಡಗಿ ಹಾಗೇ ಬಿಟ್ಟ. ಯಾವುದೋ ರಾಜನ ಕಾಲದ ಬಾಣ ಅಂತೆ."

ಕೋಣೆಯಲ್ಲಿ ಮತ್ತೆ ಮೌನವಾಯಿತು. ಈ ಸಲ ಯಾರೂ ನೀರು ಹುಯ್ದಿರಲಿಲ್ಲ.

ಕೊಡೆರಾಯ ಮೇಜಿನ ಮೇಲೆ ಬಗ್ಗಿದ. ಪಾಲಿಶಿನ ಕೆಳಗೆ, ಮರದ ಕಂದು ಗೆರೆಗಳ ನಡುವೆ, ಒಂದು ಕಪ್ಪು ಸರಳು ಉದ್ದಕ್ಕೆ ಮಲಗಿತ್ತು. ಅದರ ಒಂದು ಕಡೆ, ಬಿಚ್ಚಿದ ಕೊಡೆಯನ್ನು ತಡೆದು ನಿಲ್ಲಿಸುವ ಸಣ್ಣ ಸ್ಪ್ರಿಂಗಿನ ಕೊಂಡಿ. ಅದರ ಪಕ್ಕ, ಮರದೊಳಗೇ ಸಿಕ್ಕಿಕೊಂಡ, ಕಪ್ಪು ಬಟ್ಟೆಯ ಒಂದು ಎಳೆ. ಜೀವಮಾನವಿಡೀ ಇಂಥ ಸರಳನ್ನು ಹಿಡಿದ ಬೆರಳು ಅದರ ಮೇಲೆ ಹೋಗಿ ನಿಂತಿತು.

"ಬಾಣ ಅಲ್ಲ ಸಾರ್," ಎಂದ. ಸ್ವರ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. "ಗಂಡಸರ ಕೊಡೆ. ಸ್ಪ್ರಿಂಗ್ ಕೆಟ್ಟಿತ್ತು. ಗಿರಾಕಿ ವಾಪಸ್ ತಗೊಳ್ಳಲಿಲ್ಲ."

ಟೈಲರ್ ಕತ್ತು ಚಾಚಿ ಬಟ್ಟೆಯ ಎಳೆ ನೋಡಿದ. "ಹತ್ತಿ," ಎಂದ. "ಇದು ಅಸಲಿ."

ಭಾವ ಮುಂದೆ ಬಂದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ನೋಡಿದರು. ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡರು. ಗೆದ್ದಾಗ ಮಾತಾಡುವ ಅಭ್ಯಾಸ ಅವರಿಗಿತ್ತು, ಸೋತಾಗ ಏನು ಮಾಡಬೇಕೆಂದು ಸರ್ವೆ ಆಫೀಸಿನಲ್ಲಿ ಹೇಳಿಕೊಟ್ಟಿರಲಿಲ್ಲ.

"ಏನಯ್ಯಾ," ಎಂದರು ಕೊನೆಗೆ. "ನುಂಗಿತ್ತಲ್ಲಯ್ಯಾ."

"ಹೂಂ ಭಾವ."

"ಬಕೆಟ್ ಅಂಗಡಿಗೆ ಬೇರೆ ಯಾರನ್ನಾದರೂ ನೋಡ್ತೀನಿ ಬಿಡು."

"ಹೂಂ ಭಾವ."

ಇಪ್ಪತ್ತೈದು ವರ್ಷದ ಜಗಳ ಗೆದ್ದವನು ಕುಣಿಯಬೇಕಿತ್ತು. ಟೈಲರ್ ಚಪ್ಪಾಳೆಗೆ ಕೈ ಎತ್ತಿದವನು ಹಾಗೇ ಇಳಿಸಿದ. ಕೊಡೆರಾಯ ಮೇಜಿನ ಈ ತುದಿಯಿಂದ ಆ ತುದಿಗೆ ಕೈಯಾಡಿಸಿದ, ನೆರಳು ಎಲ್ಲಿಯವರೆಗೆ ಬೀಳುತ್ತಿತ್ತು ಎಂದು ಅಳೆಯುವವನಂತೆ. ಅಂಚಿಗೆ ಬಂದಾಗ ಕೈ ಗಾಳಿಯಲ್ಲಿ ನಿಂತಿತು. ಬಾಯಿ ತೆರೆದಿತ್ತು. ಹೆಂಡತಿ ಮೆಲ್ಲಗೆ ಅವನ ಗದ್ದ ಹಿಡಿದು ಅದನ್ನು ಮುಚ್ಚಿದಳು.

"ಏನ್ರೀ ನಡೀತಿದೆ ಇಲ್ಲಿ?" ಎಂದರು ಮ್ಯಾನೇಜರು. "ಯಾರ ಕೊಡೆ? ಯಾವ ಗಿರಾಕಿ? ನನ್ನ ಮೇನ್ ಬಾಕ್ಸಿನ ಕತೆ ಏನು?"

ಕೊಡೆರಾಯ ಮಂಡಿಯೂರಿ ಕೂತ. ಬಾಟಲಿಯ ಮುಚ್ಚಳ ತಿರುಗಿಸಿದ. ಉಳಿದಿದ್ದ ನೀರನ್ನು ಮೇಜಿನ ಕಾಲಿ‍ನ ಬುಡಕ್ಕೆ ನಿಧಾನವಾಗಿ, ಒಂದೇ ಸಮನೆ, ಹುಯ್ಯತೊಡಗಿದ.

"ಏಯ್! ಏಯ್! ಏನ್ರೀ ಮಾಡ್ತಿದೀರ? ಪಾಲಿಶ್ ಹೋಗುತ್ತೆ!" ಮ್ಯಾನೇಜರು ಮೇಜು ಸುತ್ತಿ ಓಡಿಬಂದರು.

ಭಾವ ಅಡ್ಡ ನಿಂತರು. ಮೆಲ್ಲಗೆ ಮಾತಾಡಿ ಗೊತ್ತಿರದ ಮನುಷ್ಯ, ಆದರೂ ಆವತ್ತು ಸ್ವರ ಏರಿಸಲಿಲ್ಲ.

"ಹುಯ್ಯಲಿ ಬಿಡಿ ಸಾರ್. ಅವನು ನೆಟ್ಟ ಮರ."

ನೀರು ಮೇಜಿನ ಕಾಲಿನ ಸುತ್ತ ಒಂದು ಗಳಿಗೆ ನಿಂತಿತು. ಟೈಲ್ಸಿನ ಮೇಲೆ ಇಳಿಯಲು ಎಲ್ಲೂ ಜಾಗ ಸಿಗದೆ, ಆಮೇಲೆ ಮೆಲ್ಲಗೆ ಮ್ಯಾನೇಜರ ಬೂಟಿನ ಕಡೆಗೆ ಹರಿಯಿತು.